ತಾಳೆಯಾದ ಹಾಳೆ

ಹನ್ನೊಂದು ಕಡೆ ತಪ್ಪಾಗಿದೆ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹನ್ನೊಂದು ಕಡೆ ತಾಳೆಯಾಗಿಲ್ಲ ಎಂದಷ್ಟೇ ಹೇಳಿದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ. ಬೈದರೆ ತಿರುಗಿ ಏನಾದರೂ ಅನ್ನಬಹುದು, ಮೆತ್ತಗೆ ಹೇಳಿದ್ದಕ್ಕೆ ಏನನ್ನುವುದು? ಇಪ್ಪತ್ತಾರು ವರ್ಷ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಓಡಾಡಿ, ಮಂಡಿ ಸವೆದ ಮೇಲೆ ಈ ರೆಕಾರ್ಡ್ ರೂಮಿಗೆ ಬಂದು ಕೂತವಳು. ಇರುವುದೇ ಮೂವತ್ತು ಹಾಸಿಗೆಯ ಆಸ್ಪತ್ರೆ. ಗೇಟಿನವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಇವತ್ತಿಗೂ ಸಿಸ್ಟರೇ. ಈಗಿನ ಅವಳ ಕೆಲಸ ಹೆಕ್ಕುವುದು. ಆಪರೇಷನ್ ಆದವರ ಹಳೆಯ ಕೇಸ್ ಶೀಟು ಓದಿ, ಅದರಿಂದ ಮೂವತ್ತೆರಡು ಉತ್ತರ ಹೆಕ್ಕಿ ಒಂದು ಫಾರಮ್ಮಿಗೆ ಇಳಿಸುವುದು. ಸುತ್ತಲಿನ ಸಣ್ಣ ಆಸ್ಪತ್ರೆಗಳೆಲ್ಲ ಸೇರಿಕೊಂಡು, ಆಪರೇಷನ್ ಆದ ಮೇಲೆ ಯಾರ ಗಾಯ ಕೀವಾಗುತ್ತದೆ, ಯಾಕಾಗುತ್ತದೆ ಎಂದು ಲೆಕ್ಕ ಹಿಡಿಯಲು ಹೊರಟಿದ್ದವು. ಹೆಕ್ಕಿದ್ದು ಸರಿಯೋ ಇಲ್ಲವೋ ತಿಳಿಯಬೇಕಾದರೆ ಅದೇ ಶೀಟನ್ನು ಇನ್ನೊಬ್ಬರು, ಮೊದಲಿನವರ ಉತ್ತರ ನೋಡದೆ, ಮತ್ತೆ ಹೆಕ್ಕಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ನಲವತ್ತು ಶೀಟು ಹಾಗೆ ನೋಡಿ ಇವತ್ತು ಬೆಳಿಗ್ಗೆ ಮುಗಿದಿತ್ತು.

ರೂಮಿನ ಕಿಟಕಿಯಾಚೆ ಬಟ್ಟೆ ಒಣಹಾಕುವ ಅಂಗಳ. ತಂತಿಯ ಮೇಲೆ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳು, ವಾರ್ಡಿನ ಬಿಳಿ ಹಾಸುಗಳು. ಗಾಳಿ ಬಂದಾಗ ರೂಮೆಲ್ಲ ಹಸಿರಾಗುತ್ತಿತ್ತು, ಮತ್ತೆ ಬೆಳ್ಳಗಾಗುತ್ತಿತ್ತು. ನೀರಿನ ತಳದಲ್ಲಿ ಕೂತು ಮೇಲೆ ನೋಡಿದ ಹಾಗೆ. ಎದುರಿಗೆ ಕೂತವರ ಮುಖವೂ ಹಸಿರಾಗಿ ಬೆಳ್ಳಗಾಗಿ ಯಾರೋ ಎನ್ನಿಸುತ್ತಿತ್ತು. ಎದುರಿಗೆ ಕೂತವರು ಪ್ರೂಫ್ ಮೇಷ್ಟ್ರು, ಎರಡನೇ ಸಲ ಹೆಕ್ಕಿದವರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಅಚ್ಚುಕೂಟ ಮುಚ್ಚಿತು, ಕಣ್ಣು ಇನ್ನೂ ನೆಟ್ಟಗಿತ್ತು, ಇಲ್ಲಿಗೆ ಬಂದರು. ಯಾರಿಗೂ ಪಾಠ ಹೇಳಿದವರಲ್ಲದಿದ್ದರೂ ಮೇಷ್ಟ್ರು. ರೋಗದ ಗಂಧಗಾಳಿ ಗೊತ್ತಿಲ್ಲ ಅವರಿಗೆ. ಕೀವು ಎಂದರೆ ಮುಖ ಕಿವುಚುತ್ತಾರೆ. ಇಂಥವರ ಕೈಯಲ್ಲಿ ತಾನು ಹನ್ನೊಂದು ಕಡೆ ಸಿಕ್ಕಿಬಿದ್ದೆನಲ್ಲ ಎಂದು ಅವಳಿಗೆ ಕಿವಿ ಬಿಸಿಯಾಯಿತು.

"ಕತ್ತಿ ಇಡೋಕೆ ಮುಂಚೆ ಕೀವಾಗದ ಹಾಗೆ ಇಂಜೆಕ್ಷನ್ ಕೊಟ್ಟಿದ್ರಾ ಅಂತ ಪ್ರಶ್ನೆ" ಎಂದರು ಮೇಷ್ಟ್ರು, ಬೆರಳನ್ನು ಸಾಲಿನ ಕೆಳಗಿಟ್ಟು. "ನೀವು ಹೌದು ಅಂತ ಬರೆದಿದೀರಿ. ನಾನು ದಾಖಲೆ ಇಲ್ಲ ಅಂತ ಬರೆದಿದೀನಿ. ಯಾವ ಪುಟದಲ್ಲಿದೆ ತೋರಿಸಿಬಿಡಿ ಸಿಸ್ಟರ್, ನಾನೇ ತಿದ್ಕೋತೀನಿ."

"ಪುಟ ಯಾಕೆ ಬೇಕು ಮೇಷ್ಟ್ರೇ? ಆ ಇಂಜೆಕ್ಷನ್ ಕೊಡದೆ ನಮ್ಮ ಡಾಕ್ಟ್ರು ಕತ್ತೀನೇ ಮುಟ್ಟಲ್ಲ. ಇಪ್ಪತ್ತಾರು ವರ್ಷ ಪಕ್ಕದಲ್ಲೇ ನಿಂತು ನೋಡಿದೀನಿ."

"ಮುಟ್ಟಲ್ಲ, ಸರಿ. ಆದ್ರೆ ಇದು ನಿಮ್ಮ ಇಪ್ಪತ್ತಾರು ವರ್ಷದ ಶೀಟಲ್ಲ. ಒಬ್ಬರದ್ದು. ಒಂದು ದಿನದ್ದು."

ಅವಳು ಪುಟ ಹುಡುಕಿದಳು. ಎಲ್ಲೂ ಇರಲಿಲ್ಲ. ಇಲ್ಲದಿದ್ದನ್ನು ತಾನು ಓದಿದ್ದು ಹೇಗೆ? ಆವತ್ತು ಅದು ಅಲ್ಲಿ ಕಣ್ಣಿಗೆ ಕಂಡಿತ್ತು, ಶಾಯಿಯ ಬಣ್ಣ ಕೂಡ ನೆನಪಿದೆ. ಮೇಷ್ಟ್ರು ನಕ್ಕರು. ಅಚ್ಚುಕೂಟದಲ್ಲೂ ಹೀಗೇ ಆಗುತ್ತಿತ್ತಂತೆ. ವಿಷಯ ಚೆನ್ನಾಗಿ ಬಲ್ಲವರ ಕೈಯಲ್ಲೇ ತಪ್ಪು ಉಳಿಯುವುದು. ಅವರು ಇರಬೇಕಾದ್ದನ್ನು ಓದುತ್ತಾರೆ, ಇರುವುದನ್ನಲ್ಲ. ಅದಕ್ಕೇ ಅವರು ಕೆಲವು ಪುಸ್ತಕಗಳನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ತಿದ್ದಿದ್ದುಂಟಂತೆ. "ಅರ್ಥ ಆಗಬಾರದು ಅಂತ" ಎಂದರು. ಗಾಳಿ ಬಂದು ಅವರು ಹಸಿರಾದರು. ಅವಳಿಗೆ ಗಂಡನ ನೆನಪಾಯಿತು. ಅವನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಟೇಪು ಹಿಡಿದು ಅಳತೆ ಕೂಗುತ್ತಾನೆ, ಅವಳು ಪುಸ್ತಕದಲ್ಲಿ ಬರೆಯುತ್ತಾಳೆ. ಹಳೆಯ ಗಿರಾಕಿ ಬಂದರೆ ಅವನು ಕೂಗುವ ಮೊದಲೇ ಬರೆದಿಟ್ಟುಬಿಡುತ್ತಾಳೆ. ಮೂವತ್ತಾರು, ತೋಳು ಇಪ್ಪತ್ಮೂರು, ಕತ್ತು ಹದಿನೈದು. "ನಿಲ್ಲೇ ಮಾರಾಯ್ತಿ, ಮನುಷ್ಯ ಊದಿಕೊಂಡಿರ್ತಾನೆ, ಒಣಗಿಕೊಂಡಿರ್ತಾನೆ, ನಿನ್ನ ಪುಸ್ತಕ ಕೇಳಿ ದಪ್ಪ ಆಗ್ತಾನಾ?" ಎಂದು ಅವನು ರೇಗುತ್ತಿದ್ದ. ಗಿರಾಕಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆಗ ಅದು ತನ್ನ ಜಾಣತನ ಎಂದುಕೊಂಡಿದ್ದಳು.

ಹನ್ನೆರಡು ಹೊಡೆಯುವಷ್ಟರಲ್ಲಿ ಹನ್ನೊಂದರಲ್ಲಿ ಒಂಬತ್ತು ಅವಳೇ ಬಿಟ್ಟುಕೊಟ್ಟಿದ್ದಳು. ಎರಡು ಕಡೆ ಮಾತ್ರ ಮೇಷ್ಟ್ರದ್ದು ತಪ್ಪಾಗಿತ್ತು. ಅವರು ಸಂತೋಷದಿಂದ ಒಪ್ಪಿಕೊಂಡು, ಇನ್ನು ಮುಂದೆ ಪ್ರತಿ ಉತ್ತರದ ಪಕ್ಕದಲ್ಲೂ ಪುಟದ ನಂಬರು ಬರೆಯೋಣ, ನಂಬರಿಲ್ಲದಿದ್ದರೆ ಉತ್ತರವೂ ಇಲ್ಲ ಎಂದರು. ಆಗಲಿ ಎಂದಳು. ನಿಜಕ್ಕೂ ಒಳ್ಳೆಯ ಉಪಾಯ. ಸೋತದ್ದಕ್ಕೆ ಬೇಸರವಾಗುವ ಬದಲು ಮೈ ಹಗುರವಾಗುತ್ತಿದೆಯಲ್ಲ ಎಂದು ಅವಳು ಆಶ್ಚರ್ಯಪಡುತ್ತಿರುವಾಗ ಮೇಷ್ಟ್ರು ಕಟ್ಟಿನ ಮಧ್ಯದಿಂದ ಒಂದು ಶೀಟು ಎಳೆದರು. "ಇದನ್ನ ನೋಡಿ, ಹದಿನೇಳನೇದು. ನಲವತ್ತರಲ್ಲಿ ಜ್ವರ ಏರಿದವರ ಶೀಟುಗಳ ಪೈಕಿ ಮೂವತ್ತೆರಡಕ್ಕೆ ಮೂವತ್ತೆರಡೂ ತಾಳೆಯಾಗಿದ್ದು ಇದೊಂದೇ. ಜ್ವರ ಏರೋಕೆ ಮುಂಚಿನ ಕೊನೇ ನಾಲ್ಕು ಅಳತೆ ಬರೀರಿ ಅಂತ ಇದೆಯಲ್ಲ, ಆ ನಾಲ್ಕೂ. ಮೂರನೇದರಲ್ಲಿ ಎರಡು ಪಾಯಿಂಟ್ ಜಾಸ್ತಿ ಇದೆ ನೋಡಿ, ಅದನ್ನೂ ಇಬ್ಬರೂ ಬಿಟ್ಟಿಲ್ಲ."

ಅವಳು ಶೀಟನ್ನು ಮುಟ್ಟಲಿಲ್ಲ. ಎರಡು ವಾರದ ಹಿಂದೆ ಮುಟ್ಟಿದ್ದಳು. ಕಟ್ಟು ಬಿಚ್ಚಿದಾಗ ಹಾಸಿಗೆ ನಂಬರು ಆರು ಎಂದು ಓದಿ, ಬೇಗಬೇಗ ಹೆಕ್ಕಿ ಕೆಳಗೆ ಸೇರಿಸಿದ್ದಳು. ಹನ್ನೆರಡು ಗಂಟೆಗೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಎರಡಕ್ಕೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಾಲ್ಕಕ್ಕೆ ತೊಂಬತ್ತೆಂಟು ಪಾಯಿಂಟ್ ಆರು. ಆರಕ್ಕೆ ಮತ್ತೆ ಪಾಯಿಂಟ್ ನಾಲ್ಕು. ಅವಳೇ ಬರೆದದ್ದು, ಆರು ವರ್ಷದ ಹಿಂದೆ, ಸಿಸ್ಟರುಗಳ ಮೇಜಿನ ಹತ್ತಿರ ನಿಂತು, ಸಂಜೆ ಆರಕ್ಕೆ, ನಾಲ್ಕನ್ನೂ ಒಟ್ಟಿಗೆ. ಥರ್ಮಾಮೀಟರು ಆ ಹಾಸಿಗೆಯ ಹೆಂಗಸಿನ ಹತ್ತಿರ ಆವತ್ತು ಹೋಗಿರಲೇ ಇಲ್ಲ. ಮೂರನೆಯದಕ್ಕೆ ಎರಡು ಪಾಯಿಂಟು ಹೆಚ್ಚು ಹಾಕಿದ್ದು ನಂಬಿಕೆ ಬರಲಿ ಎಂದು.

"ಚೆನ್ನಾಗಿದೆ" ಎಂದಳು.

"ಚೆನ್ನಾಗೇ ಇದೆ" ಎಂದರು ಮೇಷ್ಟ್ರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ಒಂದು ಮಾತು. ಫಾರಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ, ಅದಕ್ಕೇ ನಾನು ಬರೀಲಿಲ್ಲ. ಈ ನಾಲ್ಕು ಅಳತೇನೂ ಒಂದೇ ಉಸಿರಲ್ಲಿ ಬರೆದ ಹಾಗಿದೆ. ಎರಡೆರಡು ಗಂಟೆ ಬಿಟ್ಟು ಬರೆದ್ರೆ ಅಕ್ಷರ ಒಂದಿಷ್ಟು ಅತ್ತ ಇತ್ತ ವಾಲುತ್ತೆ. ಇದು ವಾಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಪೆನ್ನನ್ನು ಮುಚ್ಚಿ ಮಡಿಲಿಗೆ ಇಳಿಯಿತು. "ಯಾರ ಅಕ್ಷರ ಅಂತ ಗೊತ್ತಾಯ್ತಾ?" ಎಂದು ಕೇಳಿದಳು.

"ಮೂವತ್ತು ವರ್ಷ ಅಕ್ಷರ ನೋಡ್ಕೊಂಡೇ ಬದುಕಿದೀನಿ ಸಿಸ್ಟರ್" ಎಂದರು ಮೇಷ್ಟ್ರು. ಅಷ್ಟೇ ಹೇಳಿ ಬುತ್ತಿ ತೆಗೆದುಕೊಂಡು ಅಂಗಳಕ್ಕೆ ಹೋದರು. ದಿನಾ ರೂಮಿನಲ್ಲೇ ಕೂತು ಉಣ್ಣುವವರು.

ಅವಳಿಗೆ ಹಸಿವಿರಲಿಲ್ಲ. ತಲೆಯ ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಹಾಸುಗಳು ಉಬ್ಬಿ ಇಳಿಯುತ್ತಿದ್ದವು. ವಾರ್ಡಿನ ಮಧ್ಯಾಹ್ನಗಳೂ ಹೀಗೇ ಇರುತ್ತಿದ್ದವು, ಅರ್ಧ ಎಚ್ಚರ, ಅರ್ಧ ನಿದ್ದೆ. ಪರದೆಯಾಚೆ ಯಾರೋ ಕೆಮ್ಮುತ್ತಿದ್ದರು, ಈ ಪರದೆ ಸರಿಸಿದರೆ ಆ ಪರದೆ. ಆರನೇ ನಂಬರಿನ ಹೆಂಗಸಿಗೆ ಅವರೆಲ್ಲ ಇಟ್ಟ ಹೆಸರು ಗಂಟೆಯಮ್ಮ. ಹಾಸಿಗೆಯ ಪಕ್ಕದ ಗಂಟೆಯ ಗುಂಡಿ ಒತ್ತಿದ ಬೆರಳು ತೆಗೆಯುತ್ತಲೇ ಇರಲಿಲ್ಲ. ಕಿಟಕಿ ಹಾಕು, ತೆಗೆ, ದಿಂಬು ಎತ್ತರವಾಯಿತು, ತಗ್ಗಾಯಿತು. "ಏ ಇವಳೇ" ಎಂದು ಕರೆಯುತ್ತಿದ್ದಳು. ಎಲ್ಲರಿಗೂ ಸಿಸ್ಟರಾದವಳು ಅವಳೊಬ್ಬಳಿಗೆ ಇವಳು. ಆವತ್ತು ಬೆಳಿಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ ಹತ್ತಿರ ಗಂಟೆಯಮ್ಮ ದೂರು ಹೇಳಿದಳು, ನೀರು ಕೇಳಿ ಅರ್ಧ ಗಂಟೆಯಾಯಿತು, ಇವಳು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು. ಡಾಕ್ಟರು ಎಂಟು ಹಾಸಿಗೆಗೂ ಕೇಳುವ ಹಾಗೆ, "ನೀರು ಕೊಡೋಕೂ ಮುಹೂರ್ತ ನೋಡ್ಬೇಕಾ ಸಿಸ್ಟರ್ ನಿಮಗೆ?" ಎಂದರು. ಕಲಿಯಲು ಬಂದಿದ್ದ ಹುಡುಗಿಯರಿಬ್ಬರು ಸೆರಗಿನಲ್ಲಿ ನಕ್ಕರು. ಅರ್ಧ ಗಂಟೆಯೇನೂ ಆಗಿರಲಿಲ್ಲ, ಹತ್ತು ನಿಮಿಷವಾಗಿತ್ತು. ಆ ಹತ್ತು ನಿಮಿಷವನ್ನು ಅವಳು ಇವತ್ತೂ ಸಾಬೀತು ಮಾಡಬಲ್ಲಳು.

ಆ ಮಧ್ಯಾಹ್ನವೆಲ್ಲ ಉಳಿದ ಏಳು ಹಾಸಿಗೆಗೂ ಹೋದಳು. ನಾಲಿಗೆಯ ಕೆಳಗೆ ಥರ್ಮಾಮೀಟರು ಇಟ್ಟಳು, ದಿಂಬು ತಟ್ಟಿದಳು, ಎಂದಿಗಿಂತ ಮುದ್ದಾಗಿ ಮಾತಾಡಿದಳು, ಪರದೆಯಾಚೆಗೆ ಕೇಳಲಿ ಎಂದೇ. ಹನ್ನೆರಡಕ್ಕೆ ಆರನೇ ಹಾಸಿಗೆಯ ಗಂಟೆ ಬಾರಿಸಿತು. ಹೋಗಲಿಲ್ಲ. ಒಂದೂವರೆಗೆ ಮತ್ತೊಮ್ಮೆ ಬಾರಿಸಿ ಅರ್ಧಕ್ಕೇ ನಿಂತಿತು. ಆಮೇಲೆ ಬಾರಿಸಲೇ ಇಲ್ಲ. ಸೋತಳು ಎಂದುಕೊಂಡಳು. ಎಷ್ಟು ಹಿತವಾಗಿತ್ತು ಆ ನಿಶ್ಶಬ್ದ! ಟೀ ಕುಡಿಯುವಾಗ ಆರನೇ ಪರದೆಯ ಕಡೆ ನೋಡಿ ಮನಸ್ಸಿನಲ್ಲೇ ನಕ್ಕದ್ದು, ಟೀ ಬಿಸಿಯಾಗಿದ್ದದ್ದು, ಎಲ್ಲ ನೆನಪಿದೆ. ಅಷ್ಟು ಗಲಾಟೆಯ ಹೆಂಗಸು ಸುಮ್ಮನಾದರೆ ಯಾಕೆಂದು ಹೋಗಿ ನೋಡಬೇಕೆಂಬುದನ್ನು ಮೊದಲ ವರ್ಷದ ಹುಡುಗಿಗೂ ಅವಳೇ ಕಲಿಸುತ್ತಿದ್ದಳು. ಆರಕ್ಕೆ ಬರೆದಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಬಂದಾಗ ಆರನೇ ಹಾಸಿಗೆ ಮಡಚಿಟ್ಟಿತ್ತು. ರಾತ್ರಿ ಹತ್ತಕ್ಕೆ ನೂರಾ ಮೂರು ಜ್ವರ, ಬೆಳಗಿನ ಜಾವ ದೊಡ್ಡಾಸ್ಪತ್ರೆಗೆ ಸಾಗಿಸಿದರು ಎಂದರು. ಹೌದಾ ಎಂದಳು. ಆಮೇಲೆ ಏನಾಯಿತು ಎಂದು ಕೇಳಲಿಲ್ಲ. ಆವತ್ತು ಕೇಳಲಿಲ್ಲ, ಮರುದಿನ ಕೇಳಿದರೆ ನಿನ್ನೆ ಯಾಕೆ ಕೇಳಲಿಲ್ಲ ಎಂದಾರು ಎನ್ನಿಸಿತು, ತಿಂಗಳು ಕಳೆದ ಮೇಲೆ ಕೇಳುವುದಕ್ಕೆ ಕಾರಣವೇ ಇರಲಿಲ್ಲ. ಹೀಗೆ ಆರು ವರ್ಷ ಕಳೆಯಿತು. ಮಂಡಿ ನೋವು ಎಂದು ವಾರ್ಡು ಬಿಟ್ಟದ್ದು ಸುಳ್ಳಲ್ಲ, ಮಂಡಿ ನೋಯುತ್ತಿತ್ತು. ಆದರೆ ಗಂಟೆ ಬಾರಿಸಿದಾಗಲೆಲ್ಲ ನೋಯುತ್ತಿತ್ತು.

ಮೂರು ಗಂಟೆಗೆ ದೊಡ್ಡ ಡಾಕ್ಟರು ಬಂದರು. ಊಟವಾದ ಮೇಲೆ ಅವರು ಒಳ್ಳೆಯ ಮನುಷ್ಯ. ಹನ್ನೊಂದನ್ನೂ ನೋಡಿ, ಪುಟದ ನಂಬರಿನ ಉಪಾಯ ಕೇಳಿ, ಬೇರೆ ಆಸ್ಪತ್ರೆಯವರಿಗೂ ಹೇಳಬೇಕು ಎಂದು ಮೆಚ್ಚಿಕೊಂಡರು. ಹದಿನೇಳನೆಯದನ್ನು ಕೈಗೆತ್ತಿಕೊಂಡು ನಿಂತೇ ಓದಿದರು. "ಭೇಷ್. ಹೆಕ್ಕೋದು ಅಂದ್ರೆ ಹೀಗಿರಬೇಕು. ಇದನ್ನೇ ಮಾದರಿ ಅಂತ ಕಳಿಸೋಣ. ಕೇಸೂ ಸ್ವಾರಸ್ಯವಾಗಿದೆ, ಸಂಜೆ ಆರರವರೆಗೆ ಏನೂ ಇಲ್ಲ, ನಾಲ್ಕೇ ಗಂಟೇಲಿ ನೂರಾ ಮೂರು. ಹೊಸಬರಿಗೆ ಪಾಠ ಮಾಡಬಹುದು."

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಅವರು ಹೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಹೇಳಿಬಿಟ್ಟರೆ ಎಷ್ಟು ಸುಲಭವಾಗುತ್ತಿತ್ತು! ಸುಮ್ಮನಿದ್ದರೂ ನಡೆಯುತ್ತದೆ, ಇಬ್ಬರೂ ಒಪ್ಪಿದ ಉತ್ತರವನ್ನು ಇನ್ನು ಯಾರೂ ತೆರೆದು ನೋಡುವುದಿಲ್ಲ. ಸಿಸ್ಟರ್ ಎನ್ನಿಸಿಕೊಂಡೇ ಮನೆಗೆ ಹೋಗಬಹುದು. ಎಲ್ಲೋ ಒಂದು ಊರಿನಲ್ಲಿ ಮೊದಲ ವರ್ಷದ ಹುಡುಗಿಯರು ಸಾಲಾಗಿ ಕೂತು ತೊಂಬತ್ತೆಂಟು ಪಾಯಿಂಟ್ ಆರು ಎಂದು ಬರೆದುಕೊಳ್ಳುವುದು ಕಾಣಿಸಿತು.

"ಅದು ಸುಳ್ಳು ಸರ್" ಎಂದಳು.

"ಯಾವುದು?"

"ಆ ನಾಲ್ಕೂ. ನಾನು ಜ್ವರ ನೋಡಿರಲಿಲ್ಲ. ಸಂಜೆ ಒಟ್ಟಿಗೆ ಬರೆದೆ. ಅವತ್ತು ಬೆಳಿಗ್ಗೆ ನೀವು ಎಲ್ಲರೆದುರಿಗೆ ಬೈದಿದ್ರಿ, ಆ ಹೆಂಗಸಿನ ಮೇಲೆ ಸಿಟ್ಟಿತ್ತು."

"ನಾನಾ? ಬೈದಿದ್ನಾ?" ಡಾಕ್ಟರು ನಿಜವಾಗಿ ನೆನಪು ಮಾಡಿಕೊಳ್ಳಲು ನೋಡಿದರು. ಸಿಗಲಿಲ್ಲ. ಅವಳು ಆರು ವರ್ಷ ಹೊತ್ತುಕೊಂಡ ಆ ಒಂದು ಮಾತು ಅವರ ಹತ್ತಿರ ಒಂದು ದಿನವೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು, ತಪ್ಪಿಗಲ್ಲ, ನೆವಕ್ಕೆ. ಡಾಕ್ಟರು ಶೀಟನ್ನು ಕೆಳಗಿಟ್ಟು ದನಿ ತಗ್ಗಿಸಿದರು. "ನೋಡಿ ಸಿಸ್ಟರ್, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಚಿಕ್ಕ ಆಸ್ಪತ್ರೆ ನಮ್ಮದು. ಇಬ್ಬರದ್ದೂ ತಾಳೆ ಆಗಿದೆಯಲ್ಲ, ಬಿಡಿ. ಮಾದರಿಗೆ ಬೇರೆ ಯಾವುದಾದ್ರೂ ಕಳಿಸೋಣ. ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ."

ಅವಳು ತನ್ನ ಫಾರಂ ಎಳೆದುಕೊಂಡು ನಾಲ್ಕು ಅಳತೆಗೂ ಅಡ್ಡಗೆರೆ ಹಾಕಿದಳು. ಪಕ್ಕದಲ್ಲಿ 'ಜ್ವರ ನೋಡಿಲ್ಲ' ಎಂದು ಬರೆದು, ಹೆಸರು ಬರೆದು, ಇವತ್ತಿನ ತಾರೀಖು ಹಾಕಿದಳು. ಪುಟದ ನಂಬರು ಬರೆಯುವ ಕಡೆ ಏನು ಬರೆಯುವುದೆಂದು ತಿಳಿಯದೆ 'ನಾನೇ' ಎಂದು ಬರೆದಳು.

"ಮೇಷ್ಟ್ರೇ, ನೀವೂ ತಿದ್ದಿ. ಇಲ್ಲಾಂದ್ರೆ ತಾಳೆಯಾಗಲ್ಲ" ಎಂದರು ಡಾಕ್ಟರು, ಬೇಸತ್ತು.

"ನಾನು ತಿದ್ದೋಕಾಗಲ್ಲ ಸರ್. ಕಾಗದದಲ್ಲಿ ತೊಂಬತ್ತೆಂಟು ಪಾಯಿಂಟ್ ನಾಲ್ಕೇ ಇದೆ. ನಾನು ಇರೋದನ್ನ ಬರೆಯೋನು. ನಲವತ್ತು ಶೀಟಿಗೆ ಹದಿನೈದು ಕಡೆ ತಾಳೆಯಾಗಿಲ್ಲ ಅಂತ ಬರಲಿ. ಯಾಕೆ ಅಂತ ಅವರು ಕೇಳ್ತಾರೆ, ಕೇಳಲಿ."

ಡಾಕ್ಟರು ಇಬ್ಬರನ್ನೂ ಒಮ್ಮೆ ನೋಡಿ ಹೊರಟುಹೋದರು. ಬಾಗಿಲ ಹೊರಗೆ ಅವರ ಚಪ್ಪಲಿ ಸದ್ದು ದೂರವಾಯಿತು. ತಂತಿಯ ಮೇಲಿದ್ದ ಬಟ್ಟೆಗಳನ್ನು ಯಾರೋ ಒಂದೊಂದಾಗಿ ತೆಗೆಯುತ್ತಿದ್ದರು. ರೂಮಿಗೆ ಬರಿ ಬಿಸಿಲು ಬಿತ್ತು. ಧೂಳು ಹಿಡಿದ ಕಪಾಟುಗಳು, ದಾರ ಕಟ್ಟಿದ ಕಟ್ಟುಗಳು, ಮೇಜಿನ ಮೇಲಿನ ಫೋನು, ಎಲ್ಲ ಇದ್ದ ಹಾಗೆ ಕಂಡವು. ಕೇಸ್ ಶೀಟಿನ ಮೊದಲ ಪುಟದಲ್ಲಿ ಮನೆಯ ಫೋನ್ ನಂಬರಿತ್ತು. ಮೇಷ್ಟ್ರು ಎದ್ದು ಹೊರಗೆ ಹೋಗಲೇ ಎನ್ನುವಂತೆ ನೋಡಿದರು. ಬೇಡ, ಇರಿ ಎಂದಳು. ಆ ನಂಬರನ್ನು ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದಳು. ಯಾರೂ ಎತ್ತದಿರಲಿ ಎಂದುಕೊಂಡಳು. ಎತ್ತಿದರು. ಹೆಂಗಸಿನ ದನಿ, ನಡುವಯಸ್ಸಿನದು. ಆಸ್ಪತ್ರೆಯಿಂದ ಎಂದು ಹೇಳಿ, ಆರು ವರ್ಷದ ಹಿಂದೆ ನಿಮ್ಮ ಮನೆಯವರೊಬ್ಬರು ಆರನೇ ಹಾಸಿಗೆಯಲ್ಲಿದ್ದರಲ್ಲ ಎಂದಳು.

"ನಮ್ಮಮ್ಮ" ಎಂದಿತು ದನಿ.

"ಆಮೇಲೆ ಅವರಿಗೆ ಏನಾಯ್ತು ಅಂತ ಕೇಳೋಣ ಅಂತ."

"ಆಮೇಲೆ ಇನ್ನೇನು? ದೊಡ್ಡಾಸ್ಪತ್ರೆಲಿ ನಾಲ್ಕನೇ ದಿನ ಹೋಗ್ಬಿಟ್ರು. ಈಗ ಯಾಕಮ್ಮ? ನಿಮ್ಮದೇನೂ ತಪ್ಪಿಲ್ಲ ಬಿಡಿ. ನಿಮ್ಮ ಚೀಟಿ ನೋಡಿ ಅಲ್ಲಿನ ಡಾಕ್ಟ್ರೇ ಹೇಳಿದ್ರು, ಸಂಜೆ ಆರರವರೆಗೆ ಜ್ವರ ಇರಲೇ ಇಲ್ಲ, ನಾಲ್ಕು ಸಲ ನೋಡಿ ಬರೆದಿದಾರೆ ಅಂತ. ನನ್ನದೇ ತಪ್ಪು. ಏಳು ಗಂಟೆಗೆ ನಾನು ಬಂದಾಗ ಸಿಸ್ಟರು ಯಾರೂ ಇರಲಿಲ್ಲ. ತಲೆ ಕಾದು ಸಿಡೀತಿದೆ ಕಣೇ, ಒಂದು ಚೆಂಬು ನೀರು ಹಾಕು ಅಂದ್ರು ಅಮ್ಮ. ಆಪರೇಷನ್ ಆದವರಿಗೆ ಹಾಕಬಾರದು ಅಂತ ಗೊತ್ತಿತ್ತು. ಆದರೂ ಬಕೆಟ್ ಇಟ್ಟು ತಲೆಗೆ ನೀರು ಹಾಕಿಬಿಟ್ಟೆ. ಹತ್ತು ಗಂಟೆಗೆ ಜ್ವರ ಬಂತು. ನೀನು ನೀರು ಹಾಕಿ ಕೊಂದೆ ಅಂದ ಅಣ್ಣ. ಅವತ್ತಿಂದ ಮಾತಿಲ್ಲ ಕಥೆಯಿಲ್ಲ. ಇದೇ ಮನೆ, ಅವನು ಆ ಕೋಣೆ, ನಾನು ಈ ಕೋಣೆ."

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತನ್ನ ಸುಳ್ಳು ಕಪಾಟಿನಲ್ಲಿ ಒಬ್ಬಂಟಿಯಾಗಿ ಕೂತಿದೆ ಎಂದುಕೊಂಡಿದ್ದಳು. ಅದು ಆವತ್ತೇ ಗಾಡಿ ಹತ್ತಿ ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿಂದ ಒಂದು ಮನೆಗೆ ಹೋಗಿ ಕೂತಿತ್ತು.

"ಕೇಳಿಲ್ಲಿ ಅಮ್ಮ" ಎಂದಳು. "ನಾನು ಅವತ್ತು ಡ್ಯೂಟಿಲಿದ್ದ ಸಿಸ್ಟರು. ಆ ನಾಲ್ಕು ಸಲಾನೂ ನಾನು ಜ್ವರ ನೋಡಿರಲಿಲ್ಲ. ಸುಮ್ಮನೆ ಬರೆದೆ. ತಲೆ ಸಿಡೀತಿದೆ ಅಂದ್ರಲ್ಲ, ಆಗಲೇ ಜ್ವರ ಇತ್ತು. ಮಧ್ಯಾಹ್ನದಿಂದಲೇ ಇತ್ತೇನೋ, ನಾನು ನೋಡಲೇ ಇಲ್ಲ. ತಲೆಗೆ ನೀರು ಹಾಕಿದ್ದಕ್ಕೆ ಬಂದ ಜ್ವರ ಅಲ್ಲ ಅದು."

ಬೈಯಲಿ ಎಂದು ಕಾದಳು. ಏನು ಬೈದರೂ ಕೇಳುವುದೆಂದು ಕಣ್ಣು ಮುಚ್ಚಿಕೊಂಡಳು. ಆ ದನಿ, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ, "ಇದನ್ನ ಇನ್ನೊಂದ್ಸಲ ಹೇಳ್ತೀರಾ?" ಎಂದಿತು.

"ಹೇಳ್ತೀನಿ."

"ನನಗಲ್ಲ. ತಡೀರಿ, ಇಡಬೇಡಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಹೆಜ್ಜೆ ಸದ್ದು. ಆಮೇಲೆ ದೂರದಲ್ಲಿ, ಮುಚ್ಚಿದ ಬಾಗಿಲ ಮುಂದೆ ನಿಂತು ಕರೆದಂತೆ, "ಅಣ್ಣಾ" ಎಂದಿತು. ಅಭ್ಯಾಸ ತಪ್ಪಿದ ದನಿ, ನಡುವೆ ಒಡೆಯಿತು. ಮತ್ತೊಮ್ಮೆ ಗಟ್ಟಿಯಾಗಿ, "ಅಣ್ಣಾ!" ಬಾಗಿಲು ತೆರೆಯಿತು. ಏನೇನೋ ಮಾತು, ಅರ್ಥವಾಗಲಿಲ್ಲ. ಭಾರವಾದ ಹೆಜ್ಜೆಗಳು ಹತ್ತಿರ ಬಂದವು.

"ಯಾರದು?" ಎಂದ ಗಂಡಸು.

ಅವಳು ಮೊದಲಿನಿಂದ ಹೇಳತೊಡಗಿದಳು.